ಲೀಟರಿಗೆ ಎಷ್ಟು ಹೊಲಸು?

ಊರಿನ ಚರಂಡಿ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಕೆಲಸ ಮಾಡುವವರಿಗೆ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಎದುರಾಗುತ್ತವೆ. ಕೇಳಿದವರು ನಿಂತಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ನಗು ಬರಲು ವರ್ಷ, ಎರಡು ವರ್ಷ ಹಿಡಿಯುತ್ತದೆ. ಕೆಲವಕ್ಕೆ ಇನ್ನೂ ಬಂದಿಲ್ಲ.

ನಾನು ಆ ಪ್ಲಾಂಟಿನ ಲ್ಯಾಬಿನಲ್ಲಿ ಕೆಮಿಸ್ಟು. ಊರು ಆಂಧ್ರದ ಆದೋನಿ ಸೀಮೆಯದು. ಹೆಸರು ಹೇಳುವುದಿಲ್ಲ, ಇನ್ನೂ ಅಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಹುಟ್ಟಿದ್ದು ಹೊಳಗುಂದದ ಕಡೆ. ಮನೆಯಲ್ಲಿ ಕನ್ನಡ, ಓದಿದ್ದು ತೆಲುಗು, ಆಫೀಸಿನಲ್ಲಿ ಬೈಸಿಕೊಳ್ಳುವುದು ಎರಡರಲ್ಲೂ. ಊರು ಬೆಳೆಯಿತು, ಹೊಸ ಲೇಔಟುಗಳು ಎದ್ದವು, ಹಳೇ ಪ್ಲಾಂಟು ಸಾಲದಾಯಿತು. ಪಕ್ಕದಲ್ಲೇ ಹೊಸ ತೊಟ್ಟಿಗಳನ್ನು ಕಟ್ಟಿಸಿದರು. ಆದರೆ ಚಾಲೂ ಮಾಡುವ ಹಾಗಿಲ್ಲ. ಪ್ಲಾಂಟು ದೊಡ್ಡದಾದರೆ ಹಳ್ಳಕ್ಕೆ ಬಿಡುವ ನೀರಿಗೆ ಹೊಸ ಮಿತಿ ಬೇಕು. ಒಂದು ಲೀಟರಿನಲ್ಲಿ ಇಂಥಿಂಥ ಹೊಲಸು ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಮೇಲಿನ ಆಫೀಸು ಬರೆದು ಕೊಡಬೇಕು. ಅದು ಬರುವತನಕ ಹೊಸ ತೊಟ್ಟಿಗಳಲ್ಲಿ ನಾಯಿಗಳು ಮಲಗುತ್ತಿದ್ದವು. ಅರ್ಧ ಊರಿನ ಚರಂಡಿ ನೀರು ನಮ್ಮ ಗೇಟಿನ ಮುಂದೆಯೇ ಹಾದು ನೇರವಾಗಿ ಹಳ್ಳಕ್ಕೆ ಹೋಗುತ್ತಿತ್ತು. ಮೂಗು ಮುಚ್ಚಿಕೊಂಡು ಓಡಾಡುವವರೆಲ್ಲ ಬೈಯುತ್ತಿದ್ದದ್ದು ನನ್ನನ್ನು. ಹೇಗಾದರೂ ಮಾಡಿ ಆ ಮಿತಿ ತರಿಸಬೇಕು, ತೊಟ್ಟಿ ಚಾಲೂ ಮಾಡಬೇಕು ಎಂಬುದೊಂದೇ ನನ್ನ ಹಟವಾಗಿತ್ತು.

ಸೊನ್ನೆ

ಮೇಲಕ್ಕೆ ಕಳಿಸುವ ಮೊದಲು ನಮ್ಮ ಪ್ರಸ್ತಾವನೆಯನ್ನು ವಾರ್ಡಿನ ಕೌನ್ಸಿಲರಿಗೆ ತೋರಿಸಬೇಕಿತ್ತು. ನಮ್ಮ ಇಂಜಿನಿಯರ್ ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ಸಾಹೇಬರು ಒಳ್ಳೆಯ ಮನುಷ್ಯ. ಜಗತ್ತಿನ ಎಲ್ಲ ತೊಂದರೆಗೂ ಅವರ ಹತ್ತಿರ ಇರುವ ಔಷಧ ಒಂದೇ: "ಏಂ ಪರ್ವಾಲೇದಮ್ಮಾ." ಏನೂ ಪರವಾಗಿಲ್ಲ ಎಂದು ಅದರ ಅರ್ಥ. ಅವರು ಹಾಗೆ ಅಂದರೆ ಏನೋ ಕೆಟ್ಟಿದೆ ಎಂದು ನಾನು ತಿಳಿದುಕೊಳ್ಳುತ್ತೇನೆ.

ಕೌನ್ಸಿಲರು ಹಾಳೆ ನೋಡಿ ಹುಬ್ಬೇರಿಸಿದರು.

"ಇದೇನ್ರಿ, ಲೀಟರಿಗೆ ಇಷ್ಟು ಹೊಲಸು ಇರಬಹುದು ಅಂತ ನೀವೇ ಬರದೀರಿ?"

"ಇರಬಹುದು ಅಂತಲ್ರಿ, ಇದಕಿಂತ ಹೆಚ್ಚು ಇರಬಾರದು ಅಂತ," ಎಂದೆ.

"ಎರಡೂ ಒಂದೇ ಆತಲ್ಲ ಮೇಡಮ್ಮ. ನಾಳೆ ಓಟು ಕೇಳಾಕ ಹೋದ್ರ ಜನ ಏನಂತಾರ? ನಮ್ಮ ಕೌನ್ಸಿಲರು ಹೊಲಸಿಗೆ ಸಹಿ ಹಾಕಿ ಬಂದಾನ ಅನ್ನಂಗಿಲ್ಲೇನು? ಸೊನ್ನೆ ಅಂತ ಹಾಕಿಬಿಡ್ರಿ."

ಸೊನ್ನೆ ಯಾಕೆ ಸಾಧ್ಯವಿಲ್ಲ ಎಂದು ಅರ್ಧ ತಾಸು ವಿವರಿಸಿದೆ. ಯಾವ ನೀರೂ ಅಷ್ಟು ಶುದ್ಧವಾಗುವುದಿಲ್ಲ, ಅಂಥ ಪ್ಲಾಂಟು ಭೂಮಿಯ ಮೇಲೆ ಯಾರೂ ಕಟ್ಟಿಲ್ಲ ಎಂದೆ. ಅವರು ತಲೆಯಾಡಿಸುತ್ತಾ ಕೇಳಿದರು. ಮುಗಿದ ಮೇಲೆ "ಆಯ್ತು, ಸೊನ್ನೆ ಹಾಕ್ರಿ" ಎಂದರು. ಕೊನೆಗೆ ನನಗೆ ರೇಗಿತು.

"ನಮ್ಮ ಊರಿನ ನಲ್ಲಿಯೊಳಗ ಬರೋ ಕುಡಿಯೋ ನೀರು ಸೈತ ಆ ಸೊನ್ನಿಗೆ ಪಾಸಾಗಂಗಿಲ್ರಿ," ಎಂದೆ.

ಕೌನ್ಸಿಲರು ಸಮಾಧಾನದಿಂದ ಹಾಳೆ ವಾಪಸು ಕೊಟ್ಟರು. "ಅದು ಬ್ಯಾರೆ ಡಿಪಾರ್ಟ್‌ಮೆಂಟು ಬಿಡ್ರಿ."

ಇಲ್ಲದ ಹಳ್ಳದ ನೀರು

ಮಿತಿ ಗೊತ್ತುಮಾಡಲು ಮೇಲಿನ ಆಫೀಸಿಗೆ ಇನ್ನೊಂದು ಲೆಕ್ಕ ಬೇಕಿತ್ತು. ನಮ್ಮ ನೀರು ಸೇರುವ ಮೊದಲು ಹಳ್ಳದ ನೀರು ಹೇಗಿದೆ? ಅದು ಎಷ್ಟು ಹೊಲಸು ತಡೆದುಕೊಂಡೀತು? ಪ್ಲಾಂಟಿನ ಮೇಲ್ಭಾಗದಿಂದ ನೀರು ತೆಗೆದು ಪರೀಕ್ಷಿಸಿ ಕಳಿಸಿ ಎಂದು ಪತ್ರ ಬಂತು.

ನಮ್ಮ ಹಳ್ಳದ ಮೇಲ್ಭಾಗದಲ್ಲಿ ಮಳೆಗಾಲದ ನಾಲ್ಕು ದಿನ ಬಿಟ್ಟರೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಹಳ್ಳ ಅನ್ನಿಸಿಕೊಳ್ಳುವಷ್ಟು ಏನಾದರೂ ಹರಿದರೆ ಅದು ನಮ್ಮ ಪ್ಲಾಂಟಿನ ಕೆಳಗೆ, ಅದೂ ನಮ್ಮ ನೀರೇ. ಹಾಗೆಯೇ ಬರೆದು ಕಳಿಸಿದೆ. ಆ ಕಾಲಂ ಖಾಲಿ ಬಿಡುವ ಹಾಗಿಲ್ಲ ಎಂದು ಮರುಪತ್ರ ಬಂತು.

"ಏಂ ಪರ್ವಾಲೇದಮ್ಮಾ," ಎಂದ ಸಾಹೇಬರು, ನಾನು ರಜೆಯಲ್ಲಿದ್ದ ವಾರ ವಾಚ್‌ಮನ್ ಕೈಗೆ ಒಂದು ಕ್ಯಾನು ಕೊಟ್ಟು ಕಳಿಸಿದರು. ವಾಚ್‌ಮನ್ ತುಂಬಿದ ಕ್ಯಾನು ತಂದ. ಸಾಹೇಬರು ಅದನ್ನು ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅಂಕಿಗಳನ್ನು ಕಳಿಸಿಯೂಬಿಟ್ಟರು. ರಜೆ ಮುಗಿಸಿ ಬಂದು ನೋಡುತ್ತೇನೆ, ಕ್ಯಾನಿನಲ್ಲಿ ಉಳಿದ ಹಳ್ಳದ ನೀರು ಕನ್ನಡಿಯಂತಿದೆ. ಮೂಸಿದರೆ ಕ್ಲೋರಿನ್ ವಾಸನೆ.

ವಾಚ್‌ಮನ್‌ನನ್ನು ಕರೆದು ಕೇಳಿದೆ. "ಎಲ್ಲಿಂದ ತಂದಿ ಇದನ್ನ?"

"ಹಳ್ಳದಾಗಿಂದಾನ ಮೇಡಂ, ಖುದಾ ಕೀ ಕಸಮ್. ಹಳ್ಳದಾಗ ಒಂದು ವಾಟರ್ ಟ್ಯಾಂಕರ್ ನಿಂತಿತ್ತು. ಖಾಲಿ ಕ್ಯಾನ್ ತಂದ್ರ ಸಾಹೇಬ್ರು ಬಯ್ತಾರಲ್ಲ."

ಪತ್ರ ವಾಪಸು ಪಡೆಯೋಣ ಎಂದು ಸಾಹೇಬರ ಕೈಕಾಲು ಹಿಡಿದೆ. ಒಮ್ಮೆ ಕಳಿಸಿದ್ದನ್ನು ತಪ್ಪು ಅಂದರೆ ವಿಚಾರಣೆಯಾಗುತ್ತದೆ ಎಂದು ಅವರು ಹೆದರಿದರು. ನಾನೇ ಫೋನು ಮಾಡಿ ಮೇಲಿನ ಆಫೀಸಿನ ಅಧಿಕಾರಿಗೆ ಇದ್ದದ್ದನ್ನು ಹೇಳಹೊರಟೆ. ಅವರು ನನಗೆ ಬಾಯಿ ತೆರೆಯಲು ಬಿಡದೆ ಸಂಭ್ರಮಪಟ್ಟರು. ಜಿಲ್ಲೆಯಲ್ಲಿ ಇಷ್ಟು ಶುದ್ಧವಾದ ಹಳ್ಳ ಇರುವುದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಅಂಥ ಹಳ್ಳವನ್ನು ಕಾಪಾಡಲೇಬೇಕಾದ್ದರಿಂದ ನಮ್ಮ ಪ್ಲಾಂಟಿಗೆ ಎಲ್ಲರಿಗಿಂತ ಬಿಗಿಯಾದ ಮಿತಿ ಹಾಕುವುದಾಗಿ ಹೇಳಿ ಫೋನು ಇಟ್ಟರು.

ಬಸ್ಸಿನಲ್ಲಿ

ಕೆಲವು ಪರೀಕ್ಷೆಗಳು ನಮ್ಮ ಲ್ಯಾಬಿನಲ್ಲಿ ಆಗುವುದಿಲ್ಲ. ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿ ಇಟ್ಟು ಕರ್ನೂಲಿಗೆ ಒಯ್ಯಬೇಕು. ಜೀಪು ಯಾವತ್ತೂ ರಿಪೇರಿಯಲ್ಲಿರುತ್ತದೆ, ಹಾಗಾಗಿ ಬಸ್ಸು. ಒಂದು ಬೇಸಿಗೆಯಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮುಚ್ಚಳ ತೆಗೆದು ಐಸು ಕರಗಿದೆಯೇ ಎಂದು ನೋಡುವಾಗ ಪಕ್ಕದ ಸಾಲಿನ ಯಜಮಾನರೊಬ್ಬರು ಬಾಟಲಿಗಳನ್ನು ಕಂಡರು.

"ಯಕ್ಕಾ, ಒಂದು ಗುಟುಕು ತಂಪು ನೀರು ಕೊಡವ್ವ. ಬಾಯಿ ಒಣಗೈತಿ."

"ಕುಡಿಯೋ ನೀರಲ್ರಿ ಯಜಮಾನ್ರೇ, ಚರಂಡಿ ನೀರು," ಎಂದೆ.

ಅವರು ನನ್ನನ್ನೂ, ಐಸಿನ ನಡುವೆ ಜತನವಾಗಿ ಕೂತ ಬಾಟಲಿಗಳನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಖ ತಿರುಗಿಸಿದರು.

"ಕೊಡಾಕ ಮನಸ್ಸಿಲ್ಲಾಂದ್ರ ಇಲ್ಲ ಅನಬೇಕು ತಾಯಿ. ಇಂಥಾ ಸುಳ್ಳು ಯಾಕ?"

ಮೀಸೆಯ ಮೀನು

ಮಿತಿಗಳಲ್ಲಿ ಮೀನಿನದೂ ಒಂದಿದೆ. ನಾವು ಶುದ್ಧ ಮಾಡಿದ ನೀರಿನಲ್ಲಿ ಮೀನುಗಳನ್ನು ಬಿಟ್ಟು ನಾಲ್ಕು ದಿನ ನೋಡಬೇಕು. ಬಹುಪಾಲು ಬದುಕಿದರೆ ನೀರು ಪಾಸು. ಅದರ ಅಂಕಿಯೂ ಬೇಕೆಂದರು. ವಾಚ್‌ಮನ್ ಕೆರೆಯಿಂದ ಬೆರಳುದ್ದದ ಮೀನು ತಂದ. ಅವುಗಳಲ್ಲಿ ಹತ್ತನ್ನು ಗಾಜಿನ ತೊಟ್ಟಿಗೆ ಬಿಟ್ಟು ಮನೆಗೆ ಹೋದೆ.

ಮೂರನೆಯ ದಿನ ಎಣಿಸಿದರೆ ಹದಿಮೂರು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದೆ. ಹದಿಮೂರೇ. ಅದರಲ್ಲೊಂದು ಗೇಣುದ್ದ ಇತ್ತು. ಅದಕ್ಕೆ ಮೀಸೆ ಬೇರೆ.

ಸಾಹೇಬರು ಬಗ್ಗಿ ನೋಡಿ ಖುಷಿಪಟ್ಟರು. "ನೀರು ಅಷ್ಟು ಬಾಗುಂದಿ, ಅಷ್ಟು ಚಲೋ ಐತಿ ಕದಮ್ಮಾ! ಮರಿ ಹಾಕ್ಯಾವ!"

"ಸರ್, ಎರಡು ದಿನದಾಗ ಗೇಣುದ್ದ, ಅದೂ ಮೀಸೆ ಹೊತ್ತುಕೊಂಡೇ ಹುಟ್ಟೋ ಮರಿ ಎಲ್ಲಿ ಅದಾವ್ರಿ?"

ವಾಚ್‌ಮನ್ ತಾನಾಗಿಯೇ ಮುಂದೆ ಬಂದ. "ಎರಡು ಉಲ್ಟಾ ಆಗಿದ್ದುವು ಮೇಡಂ. ನಿಮಗ ಮಾತು ಬರ್ತೈತಿ ಅಂತ ನಾನಾ ತಗದು ಹೊಸವು ಬಿಟ್ಟೆ. ಮತ್ತ ಯಾವುದರ ಸತ್ತರ ಇರಲಿ ಅಂತ ಮ್ಯಾಲ ಮೂರು ಹೆಚ್ಚಿಗಿ."

ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅವನು ನನ್ನ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ್ದ, ಅದೇ ತಾಪತ್ರಯ. ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡೋಣ, ಎಲ್ಲ ಮೀನು ಹೊರಗೆ ತೆಗೆ ಎಂದೆ. ತೊಟ್ಟಿಗೆ ಕೈ ಹಾಕಿದರೆ ಮೀಸೆಯದು ಒಂದೇ ಉಳಿದಿತ್ತು. ನಾವು ಮೂವರೂ ವಾದ ಮಾಡುತ್ತಿದ್ದಾಗ ಅದು ಉಳಿದ ಪರೀಕ್ಷೆಯನ್ನು ನುಂಗಿ ಮುಗಿಸಿತ್ತು.

ಆಕ್ಷೇಪಣೆ

ಕೊನೆಗೂ ಅಧಿಕಾರಿ ಖುದ್ದಾಗಿ ಬಂದರು. ಹಳ್ಳದ ಕೆಳಗಿನ ರೈತರನ್ನು ಸೇರಿಸಿ, ಹೊಸ ಮಿತಿಯ ಬಗ್ಗೆ ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕಿತ್ತು. ಅಧಿಕಾರಿಗೆ ತೆಲುಗು ಮಾತ್ರ. ಬಂದವರಲ್ಲಿ ಹೆಚ್ಚಿನವರದು ಕನ್ನಡ. ಅವರಿಗೂ ತೆಲುಗು ಚೆನ್ನಾಗಿ ಬರುತ್ತದೆ, ಆದರೆ ಸಿಟ್ಟು ಬಂದಾಗ ಬರುವುದಿಲ್ಲ. ಅನುವಾದ ನನ್ನ ಪಾಲಿಗೆ ಬಂತು.

ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡಮ್ಮ ಕೂತಿದ್ದಳು. ಎರಡು ಎಮ್ಮೆ, ನಮ್ಮ ನೀರಿನಲ್ಲೇ ಬೆಳೆಯುವ ಹಸಿ ಮೇವು, ಒಂದಿಷ್ಟು ಸೊಪ್ಪು, ಇದು ಆಕೆಯ ಬದುಕು.

"ನೀರಾಗಿಂದ ಏನೇನು ತಗಿತೀರವ್ವ?" ಎಂದು ಕೇಳಿದಳು.

ಸುಲಭವಾಗಿ ತಿಳಿಯಲಿ ಎಂದು ಹೇಳಿದೆ. "ಹೊಲಸು ತಗಿತೀವಿ ದೊಡ್ಡಮ್ಮ. ಯೂರಿಯಾದಾಗ ಇರ್ತೈತಲ್ಲ ಸಾರ, ಅಂಥಾದ್ದನ್ನೂ ತಗಿತೀವಿ."

ಅದೇ ನಾನು ಮಾಡಿದ ಎಡವಟ್ಟು. ಹಿಂದಿನ ಸಾಲಿನವರೆಲ್ಲ ಎದ್ದು ನಿಂತರು.

"ತಗದು ಏನ್ ಮಾಡ್ತೀರಿ?"

"ಗಾಳಿಗೆ ಹೋಗ್ತೈತಿ," ಎಂದೆ, ದನಿ ಇಳಿಸಿ.

"ಕೇಳಿದ್ರೇನ್ರೋ? ಗಾಳಿಗೆ ಬಿಡ್ತಾರಂತ." ದೊಡ್ಡಮ್ಮ ಸೆರಗು ಬಿಗಿದಳು. "ನಿಮ್ಮ ನೀರು ಬಂದ ಮ್ಯಾಲ ನಮ್ಮ ಮೇವು ಎದಿಮಟ್ಟ ಬೆಳೆದೈತಿ. ಸಪ್ಪನ್ನ ನೀರು ಕೊಟ್ರ ಎಮ್ಮಿ ನಮ್ಮ ಮಾರಿ ನೋಡತಾವೇನು?"

ನನಗೂ ಸಂಕಟವಾಯಿತು. ಆ ನೀರಿನಲ್ಲಿ ಆಕೆ ದಿನವೂ ಬರಿಗಾಲಲ್ಲಿ ನಿಲ್ಲುತ್ತಾಳೆ. ಕಾಲ ಮೇಲಿನ ಹುಣ್ಣು ನನಗೆ ಕಾಣುತ್ತಿತ್ತು. ಅದನ್ನೇ ತೋರಿಸಿ ಹೇಳಿದೆ, ಆ ಸೊಪ್ಪು ತಿಂದ ಮಕ್ಕಳ ಹೊಟ್ಟೆಯೂ ಕೆಡುತ್ತದೆ ಎಂದೆ.

"ಕಾಲು ತುರಿಸ್ತೈತಿ, ಖರೆ. ಕೆರಕೊಂತೀವಿ," ಎಂದಳು. "ನೀ ಹೊತ್ತೊತ್ತಿಗೆ ಸಂಬಳ ತಗೊಳಾಕಿ. ನನಗ ಸಂಬಳ ಎಮ್ಮೀನಾ ಕೊಡಬೇಕು."

ಅಧಿಕಾರಿ ಅವಸರ ಮಾಡಿದರು: ಆಕ್ಷೇಪಣೆ ಏನು, ಒಂದು ಸಾಲಿನಲ್ಲಿ ಹೇಳಲಿ.

"ಮಿತಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ," ಎಂದಳು ದೊಡ್ಡಮ್ಮ. "ಇದಕಿಂತ ಕಮ್ಮಿ ಹೊಲಸು ಬಿಡಬಾರ್ದು ಅಂತ ಹಾಕ್ರಿ."

ತೆಲುಗಿಗೆ ತಿರುಗಿಸಿ ಹೇಳಿದೆ. ಅಧಿಕಾರಿ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ಸಾಹೇಬರ ಕಡೆ ಬಾಗಿ, ಈ ಮೇಡಮ್ಮನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲವೇನು ಎಂದು ಕೇಳಿದರು.

ಮಿತಿ ಮೀರಲಿಲ್ಲ

ಮಿತಿ ಬಂತು. ಟ್ಯಾಂಕರಿನ ಪುಣ್ಯದಿಂದ ನೇಣಿನ ಹಗ್ಗದಷ್ಟು ಬಿಗಿಯಾಗಿಯೇ ಬಂತು. ನಾನು ಬಿಡಲಿಲ್ಲ. ನಾಯಿಗಳನ್ನು ಓಡಿಸಿ ಹೊಸ ತೊಟ್ಟಿ ತುಂಬಿಸಿದೆವು. ಗಾಳಿ ಊದುವ ಮೋಟಾರುಗಳ ಹತ್ತಿರ ಎರಡು ತಿಂಗಳು ಬಾಣಂತಿಯ ಹತ್ತಿರ ಕೂತ ಹಾಗೆ ಕೂತೆ. ಒಂದು ಬೆಳಿಗ್ಗೆ ಪರೀಕ್ಷೆ ಮಾಡಿದರೆ ಒಂದೊಂದು ಅಂಕಿಯೂ ಮಿತಿಯೊಳಗೆ. ನನಗೆ ಕಣ್ಣು ತುಂಬಿ ಬಂತು. ಅಷ್ಟು ಚೆಂದದ ನೀರನ್ನು ಆ ಪ್ಲಾಂಟಿನಲ್ಲಿ ನಾನು ನೋಡಿರಲಿಲ್ಲ. ಅಧಿಕಾರಿಗೆ ಬರಹೇಳಿದೆವು. ಅವರು ತಮ್ಮ ಕೈಯಾರೆ ನೀರು ತೆಗೆದು ಪರೀಕ್ಷಿಸಬೇಕು. ಪಾಸಾದರೆ ನಮ್ಮ ಪ್ಲಾಂಟಿಗೆ ಪಕ್ಕಾ ಅನುಮತಿ. ಫೇಲಾದರೆ ತೊಟ್ಟಿಗೆ ಮತ್ತೆ ಬೀಗ.

ಅವರು ಬಂದು ನೀರು ಹೊರಬೀಳುವ ಪೈಪಿನ ಕೆಳಗೆ ಬಾಟಲಿ ಹಿಡಿದರು. ಒಂದು ಹನಿ ಬಿತ್ತು. ಇನ್ನೊಂದು ಬೀಳಲಿಲ್ಲ. ಓಡಿಹೋಗಿ ಊರಿನ ನೀರು ಒಳಗೆ ಬರುವ ಕಡೆ ನೋಡಿದೆ. ಅಲ್ಲಿಯೂ ಬರುತ್ತಿರಲಿಲ್ಲ. ಇಡೀ ಊರಿನ ಚರಂಡಿ ನೀರು ರಾತ್ರೋರಾತ್ರಿ ಮಾಯವಾಗಿತ್ತು.

"ಏಂ ಪರ್ವಾಲೇದು ಸರ್," ಎಂದರು ನಮ್ಮ ಸಾಹೇಬರು ತೆಲುಗಿನಲ್ಲೇ, ಬೆವರು ಒರೆಸಿಕೊಳ್ಳುತ್ತಾ. "ನೀರೇ ಬಿಟ್ಟಿಲ್ಲ ಅಂದ್ರೆ ಮಿತಿ ಮೀರಿಲ್ಲ ಕದಾ?"

ಅಧಿಕಾರಿ ಯೋಚಿಸಿದರು. ಆಮೇಲೆ "ಮಿತಿ ಮೀರಿಲ್ಲ" ಎಂದು ಬರೆದು ಸಹಿ ಮಾಡಿ ಕಾಫಿಗೆ ಹೋದರು. ಎರಡು ತಿಂಗಳ ನನ್ನ ಕಷ್ಟಕ್ಕೆ ಸಿಕ್ಕ ಅನುಮತಿ ಅದು.

ನಾನು ಕಾಂಪೌಂಡಿನ ಹೊರಗೆ ಬಂದೆ. ಗೋಡೆಯ ಗುಂಟ ಉದ್ದಕ್ಕೂ ಒಂದು ದಪ್ಪ ಪೈಪು ಮಲಗಿತ್ತು. ಇದೇನೋ ಎಂದರೆ ವಾಚ್‌ಮನ್, "ಪ್ಲಾಂಟು ದೊಡ್ಡದಾಗ್ತೈತಲ್ಲ ಮೇಡಂ, ಅದರ ಪೈಪಾ ಅನ್ಕೊಂಡೆ. ಹಾಕೋರಿಗೆ ಚಾ ಸೈತ ಕೊಟ್ಟೀನಿ," ಎಂದ. ಪೈಪಿನ ಜಾಡು ಹಿಡಿದು ಊರಿನ ಕಡೆ ನಡೆದೆ. ಮುಖ್ಯ ಚರಂಡಿಯ ಮ್ಯಾನ್‌ಹೋಲಿನ ಮುಚ್ಚಳ ಪಕ್ಕಕ್ಕಿತ್ತು. ಒಳಗೆ ಮರಳಿನ ಚೀಲ ಒಡ್ಡಿ, ಮೇಲೆ ಎರಡು ಡೀಸೆಲ್ ಮೋಟಾರು ಕೂಡಿಸಿ, ಊರಿನ ಹಸೀ ಹೊಲಸನ್ನೆಲ್ಲ ಎತ್ತಿ, ನಮ್ಮ ಪ್ಲಾಂಟನ್ನು ಸುತ್ತುಹಾಕಿ ಕೆಳಗಿನ ಹೊಲಗಳಿಗೆ ಒಯ್ಯುತ್ತಿದ್ದರು. ಮೋಟಾರಿನ ನೆರಳಿಗೆ ದೊಡ್ಡಮ್ಮ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು.

"ದೊಡ್ಡಮ್ಮ, ಇದೇನು ಮಾಡಿದ್ರಿ?" ಎಂದೆ. ನನ್ನ ದನಿ ಅಳುವ ಹಾಗಿತ್ತು.

ಆಕೆಗೆ ಪಾಪ ಅನಿಸಿರಬೇಕು. ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಮನಸಿಗೆ ಹಚ್ಚಿಕೋಬ್ಯಾಡ ತಾಯಿ. ನಿನ್ನ ಮ್ಯಾಲ ಯಾರಿಗೂ ಸಿಟ್ಟಿಲ್ಲ. ಎರಡು ತಿಂಗಳಾತು, ನಿಮ್ಮ ಪ್ಲಾಂಟಿನ ನೀರು ಕೆಟ್ಟು ಹೋಗೈತಿ. ನೀ ಸರಿ ಮಾಡಿಸಿ ಹೇಳಿ ಕಳಿಸು, ಅವತ್ತಾ ಪೈಪು ತಗಿಸ್ತೀನಿ."