ಗುತ್ತೆಪ್ಪನ ಉತ್ತರ ದಿಗ್ವಿಜಯ

ಶ್ವೇತವರಾಹ ಕಲ್ಪದ, ವೈವಸ್ವತ ಮನ್ವಂತರದ, ಕಲಿಯುಗದ ಪ್ರಥಮ ಪಾದದಲ್ಲಿ, ಡೀಸೆಲೆಂಬ ದ್ರವವು ಅಮೃತದ ಪೀಠವನ್ನೇರಿ ಕುಳಿತಿರುವ ಈ ಘೋರ ಕಾಲದಲ್ಲಿ, ಜಂಬೂದ್ವೀಪದ ಭರತಖಂಡದ ಕರ್ನಾಟ ದೇಶದಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯಿಂದ ತುಸು ಒಳಸರಿದು, ಕೆಂಪು ಮೆಣಸಿನಕಾಯಿಯ ಪರ್ವತಶ್ರೇಣಿಗಳ ಮಧ್ಯೆ ವಿರಾಜಮಾನವಾಗಿರುವ ಬ್ಯಾಡಗಿಯೆಂಬ ಪಟ್ಟಣವನ್ನು ನೆನೆದು, ವಾಗ್ದೇವಿಗೆ ಕೈಮುಗಿದು, ನಾನು ಈ ಮಹಾಕಥೆಯನ್ನು ಆರಂಭಿಸುವಷ್ಟರಲ್ಲಿ ಸೀನು ಬಂತು. ಮಂಗಳಾಚರಣೆಯಲ್ಲಿ ಸೀನುವುದು ಅಪಶಕುನವೆಂದು ಮೂಗು ಮುರಿಯುವ ಪಂಡಿತರು ಮಾಘಮಾಸದಲ್ಲಿ ಒಮ್ಮೆ ಈ ಪೇಟೆಗೆ ಬಂದು, ಈ ಘಾಟಿನಲ್ಲಿ ನಿಂತು, ಒಂದೇ ಒಂದು ಶ್ಲೋಕವನ್ನು ಪೂರ್ತಿ ಹೇಳಿ ತೋರಿಸಲಿ. ತಾಯಿ ಶಾರದೆ, ನೀನೂ ಮೂಗಿಗೆ ಸೆರಗು ಹಿಡಿದುಕೊಂಡೇ ಬಾ.

ಆ ಪಟ್ಟಣದಲ್ಲಿ ಬಾರ್ಕಿ ವಂಶಸಂಜಾತನೂ, ಷಡ್ವರ್ಷಪರ್ಯಂತ ಕ್ಲೀನರ್‌ವ್ರತಪರಿಪಾಲಕನೂ, ಗ್ರೀಸುಲೇಪಿತಗಾತ್ರನೂ, ಜಾಕುಧಾರಿಯೂ, ಸ್ಟೆಪ್ನಿಸಂಚಾಲನಚತುರನೂ ಆದ ಗುತ್ತೆಪ್ಪನೆಂಬ ವೀರನಿದ್ದನು. ಆರು ವರ್ಷ ಕಂಡವರ ಲಾರಿಯ ಎಡಬದಿಯಲ್ಲಿ ನೇತಾಡುತ್ತ, 'ಬರ್ಲಿ, ಬರ್ಲಿ, ಹೋಲ್ಡಾನ್' ಎಂಬ ಮಂತ್ರವನ್ನು ಕೋಟಿ ಸಲ ಜಪಿಸಿದ ಪುಣ್ಯದಿಂದ, ಕಳೆದ ವಾರವಷ್ಟೇ ಆತನಿಗೆ ಹೆವಿ ಲೈಸೆನ್ಸೆಂಬ ದಿವ್ಯಾಸ್ತ್ರವು ಪ್ರಾಪ್ತವಾಗಿತ್ತು. ಪುಣ್ಯವೆಂದೆ, ಅದು ಅರ್ಧ ಸುಳ್ಳು. ಆತನ ಹೆಂಡತಿ ಕೆಂಚವ್ವ ನಾಲ್ಕು ವರ್ಷ ಪೇಟೆಯ ಶೆಡ್ಡಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಳು. ಡ್ರೈವಿಂಗ್ ಸ್ಕೂಲಿನ ಫೀ ಬಂದದ್ದು ಆ ಬೆರಳುಗಳಿಂದ. ಸಂಜೆ ಆ ಕೈಯನ್ನು ಎಷ್ಟು ತೊಳೆದರೂ ಉರಿ ಇಳಿಯುತ್ತಿರಲಿಲ್ಲ, ಕಣ್ಣು ತುರಿಸಿದರೂ ಅವಳು ಮುಟ್ಟಿಕೊಳ್ಳುವಂತಿರಲಿಲ್ಲ. ವೀರಗಾಥೆಗಳಲ್ಲಿ ಇಂಥ ಸಂಗತಿ ಬರೆಯುವುದಿಲ್ಲ. ನಾನು ಬರೆಯುತ್ತೇನೆ, ಬೇಡವೆಂದವರು ಎದ್ದು ಹೋಗಬಹುದು.

ಲೈಸೆನ್ಸು ಬಂದ ದಿನ ಗುತ್ತೆಪ್ಪನು ಲಾರಿ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚನ್ನೇ ಸಿಂಹಾಸನವನ್ನಾಗಿ ಮಾಡಿಕೊಂಡು, ಅರ್ಧ ಕಪ್ ಚಹಾವನ್ನು ಎಡಗೈಯಲ್ಲೂ ಮೀಸೆಯನ್ನು ಬಲಗೈಯಲ್ಲೂ ಹಿಡಿದು, ಮೇಘಗಂಭೀರ ಧ್ವನಿಯಿಂದ ಹೀಗೆಂದನು: "ಎಲೈ ಚಹಾಪಾನನಿರತ ಸಭಾಸದರೇ, ಕೇಳಿರಿ! ವಿಂಧ್ಯವನ್ನು ನಾಲ್ಕನೇ ಗೇರಿನಲ್ಲಿ ದಾಟುವೆನು. ನರ್ಮದೆಗೆ ಹಾರ್ನಿನಿಂದಲೇ ಅರ್ಘ್ಯವನ್ನು ಕೊಡುವೆನು. ಇಂದ್ರಪ್ರಸ್ಥದ ಧೂಳನ್ನು ಟಾಯರಿನಿಂದ ತುಳಿದು, ಹಿಮವತ್ಪರ್ವತದ ಮಡಿಲಲ್ಲಿ ಬೆಳೆದ ಸೇಬುಫಲವನ್ನು ಸ್ವಹಸ್ತದಿಂದ ಕಿತ್ತು, ಮತ್ಪ್ರಿಯೆಯಾದ ಕೆಂಚವ್ವನ ಉಡಿಯಲ್ಲಿ ತುಂಬದಿದ್ದರೆ ನಾನು ಬಾರ್ಕಿ ವಂಶದವನೇ ಅಲ್ಲ!"

ಇದು ನನ್ನ ಕನ್ನಡ. ಆತ ಅಂದದ್ದು ಇಷ್ಟೇ: "ಇನ್ನ ನಾ ಸಣ್ಣಪುಟ್ಟ ಟ್ರಿಪ್ ಹೊಡೆಯಾಂವ ಅಲ್ಲ. ಕಾಶ್ಮೀರಕ್ಕ ಹೋಗಿ, ಗಿಡದಾಗಿಂದನ ಸೇಬು ಹರಕೊಂಡು ಕೆಂಚವ್ವಗ ತರ್ತೀನಿ." ಸಭೆಯು ಬೀಡಿ ಹಚ್ಚಿತು.

ಮಾತು ಮನೆಗೆ ಮುಟ್ಟಿತು. ಕೆಂಚವ್ವನಿಗೆ ಸೇಬಿನ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಆದರೆ ಮಾಲೀಕನನ್ನು ಆರಿಸಲು ಗಂಡ ಹೊರಟು ನಿಂತ ಬೆಳಿಗ್ಗೆ ಅವಳು ಎರಡು ಮಾತು ಹೇಳಿದಳು. ಒಂದು, ಲೈಸೆನ್ಸನ್ನು ಯಾರ ಕೈಗೂ ಕೊಡಬಾರದು. ಹೊಸ ಡ್ರೈವರು ಹೇಳದೆ ಕೇಳದೆ ಬೇರೆಯವರ ಗಾಡಿಗೆ ಹೋಗಿಬಿಟ್ಟಾನೆಂದು, ಅವನ ಅಸಲಿ ಲೈಸೆನ್ಸನ್ನೇ ಡ್ರಾವರಿನಲ್ಲಿಟ್ಟು ಬೀಗ ಹಾಕಿಕೊಳ್ಳುವುದು ಅಲ್ಲಿನ ಕೆಲವು ಸಾಹುಕಾರರ ಪದ್ಧತಿ. ಎತ್ತಿಗೆ ಮೂಗುದಾರ ಹಾಕಿದಂತೆ. ಆಮೇಲೆ ಎಳೆದತ್ತ ನಡೆಯಬೇಕು.

"ಎರಡನೇದು, ಗಾಡಿ ಎಲ್ಲಿಗೆ ಹೊಕ್ಕೈತಿ ಅಂತ ಕೇಳ್ರಿ," ಎಂದಳು. "ಅದೊಂದ ಮಾತು ಕೇಳ್ರಿ, ಸಾಕು."

ಇಷ್ಟು ಸಣ್ಣ ಪ್ರಶ್ನೆಯನ್ನು ಹೊತ್ತುಕೊಂಡು ಹೋಗಲು ವೀರನಿಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಹೂಂ ಎಂದನು.

ಆಗ ಸುಗ್ಗಿಯ ಕಾಲ. ಚೀಲಗಳು ಬೆಟ್ಟದಷ್ಟು, ಡ್ರೈವರುಗಳು ಬೆರಳೆಣಿಕೆಯಷ್ಟು. ಹೀಗಾಗಿ ರಾಜಕುವರಿಯನ್ನು ವರಿಸಲು ಅರಸರು ನೆರೆಯುವ ಬದಲು, ಡ್ರೈವರನಿಂದ ವರಿಸಲ್ಪಡಲು ಮಾಲೀಕರು ನೆರೆಯುವ ವಿಪರೀತ ಸ್ವಯಂವರವು ಲಾರಿ ಸ್ಟ್ಯಾಂಡಿನ ಆಲದ ಮರದಡಿಯಲ್ಲಿ ಏರ್ಪಟ್ಟಿತು. ಬಂದವರು ಇಬ್ಬರು.

ಮೊದಲನೆಯವನು ಮಕ್ತುಮಸಾಬ. ಇದ್ದದ್ದು ಒಂದೇ ಲಾರಿ, ಅದನ್ನೂ ಅರ್ಧ ದಾರಿ ತಾನೇ ಓಡಿಸುವವನು. ಆತನ ರಥವನ್ನು ವರ್ಣಿಸಲು ಕವಿಗಳು ಸಂಕೋಚಪಡಬೇಕು: ಭಗ್ನದರ್ಪಣ, ರಜ್ಜುಬದ್ಧಕವಾಟ, ಸಪ್ತರಾಜ್ಯಪಂಕಲಿಪ್ತ. ಅಂದರೆ ಕನ್ನಡಿ ಒಡೆದಿತ್ತು, ಬಾಗಿಲಿಗೆ ಹಗ್ಗ ಕಟ್ಟಿತ್ತು, ಮೈತುಂಬ ಏಳು ರಾಜ್ಯದ ಕೆಸರಿತ್ತು. ಮೂತಿಯ ಮೇಲೆ ಎನ್.ಪಿ. ಎಂಬ ಎರಡು ಅಕ್ಷರ ಕೆಸರಿನೊಳಗಿಂದ ಇಣುಕುತ್ತಿದ್ದವು. ಮಕ್ತುಮಸಾಬನು ಜಂಬ ಕೊಚ್ಚಲಿಲ್ಲ. ಸೋಮವಾರ ಗುವಾಹಟಿಗೆ ಲೋಡು ಇದೆ, ಇಬ್ಬರೂ ಪಾಳಿಯ ಮೇಲೆ ಓಡಿಸೋಣ, ಮೂರು ವಾರ ಮನೆಯ ಮುಖ ಕಾಣುವುದಿಲ್ಲ, ಕ್ಯಾಬಿನ್ನಿನಲ್ಲಿ ಫ್ಯಾನು ಇಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದನು. ಲೈಸೆನ್ಸಿನ ಮಾತು ಬಂದಾಗ, "ನಿಂದು ನಿನ್ನ ಕಿಸೇದಾಗ ಇರ್ಲಿ ತಮ್ಮಾ. ಚೆಕ್‌ಪೋಸ್ಟಿನ್ಯಾಗ ನಾ ಏನು ತೋರಸ್ಲಿ?" ಎಂದನು.

ಹಗ್ಗ ಕಟ್ಟಿದ ಬಾಗಿಲಿನಿಂದ ದಿಗ್ವಿಜಯಕ್ಕಿಳಿಯುವುದೇ? ಗುತ್ತೆಪ್ಪನ ಮೂಗು ತಾನಾಗಿ ಮೇಲೇರಿತು.

ಎರಡನೆಯವನು ಮಹಾರುದ್ರಪ್ಪ ಸಾಹುಕಾರ. ಆತ ಬರೀ ಬೆರಳು ತೋರಿಸಿದನು. ಅಬ್ಬಬ್ಬಾ! ಅಲ್ಲಿ ನಿಂತಿತ್ತು ದಶಚಕ್ರಮಂಡಿತ, ಮಖಮಲ್ಲಾಸನಶೋಭಿತ, ಬಣ್ಣಬಣ್ಣದ ಗೊಂಡೆಗಳಿಂದ ಅಲಂಕೃತ, ಮೈಮೇಲೆ ಒಂದು ಗೀರೂ ಇಲ್ಲದ ಮಹಾರಥ. ಮೂತಿಯ ತುಂಬ ಗರಿಬಿಚ್ಚಿದ ನವಿಲು. ಕ್ಯಾಬಿನ್ನಿನಲ್ಲಿ ಎರಡೆರಡು ಫ್ಯಾನು. ಒಂಬತ್ತು ವರ್ಷದ ಗಾಡಿ, ನೋಡಿದರೆ ನಿನ್ನೆ ಶೋರೂಮಿನಿಂದ ಇಳಿಸಿದಂತಿತ್ತು. ಒಂಬತ್ತು ವರ್ಷ ಹೆದ್ದಾರಿಯಲ್ಲಿ ಓಡಿದ ಲಾರಿಗೆ ಗೀರು ಹೇಗೆ ಬೀಳಲಿಲ್ಲವೆಂಬ ಪ್ರಶ್ನೆಯು ಆರು ವರ್ಷ ಕ್ಲೀನರಾಗಿದ್ದವನಿಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ನನಗೆ ಸಿಟ್ಟು ಬರುವುದು ಇಂಥ ಕಡೆಯಲ್ಲೇ.

ಹಾಗೆಂದು ಆತ ಪ್ರಶ್ನೆಗಳನ್ನೇ ಕೇಳಲಿಲ್ಲವೆಂದಲ್ಲ. ಹದಿನೇಳು ಪ್ರಶ್ನೆ ಕೇಳಿದನು. ಸೀಟು ಹಿಂದೆ ಸರಿಯುತ್ತದೆಯೋ, ಟೇಪು ಹಾಡುತ್ತದೆಯೋ, ಮುಂದಿನ ಗಾಜಿನ ಮೇಲೆ ಕೆಂಚವ್ವನ ಹೆಸರು ಬರೆಸಬಹುದೋ, ಬರೆಸಿದರೆ ಯಾವ ಬಣ್ಣದಲ್ಲಿ, ಗೊಂಡೆ ಮಾಸಿದರೆ ಹೊಸದನ್ನು ತರುವವರು ಯಾರು? ಹದಿನೇಳಕ್ಕೂ ಸಾಹುಕಾರನು ಪರಮ ಶಾಂತಿಯಿಂದ ಉತ್ತರಿಸಿದನು. ಹದಿನೆಂಟನೆಯದು ವೀರನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಾಹುಕಾರನು, ಹಾರ್ನು ಒತ್ತಿ ನೋಡು ಎಂದನು.

ಸಪ್ತಸ್ವರಗಳೂ ಒಂದರ ಬೆನ್ನಿಗೆ ಒಂದು ಹೊರಬಂದವು. ಆಲದ ಮರದ ಕಾಗೆಗಳು ಎದ್ದವು. ಚಹಾದಂಗಡಿಯವರು ಹೊರಬಂದು ನೋಡಿದರು. ಇಡೀ ಪೇಟೆ ತನ್ನತ್ತ ತಿರುಗಿದ ಆ ಕ್ಷಣದಲ್ಲಿ ಗುತ್ತೆಪ್ಪನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು, ಕೆಂಚವ್ವನ ಎರಡು ಮಾತುಗಳಲ್ಲಿ ಒಂದು ಅಲ್ಲೇ ಉದುರಿಹೋಯಿತು.

"ಲೈಸೆನ್ಸ್ ನನ್ನ ಕಡೆ ಇರ್ಲಿ ತಮ್ಮಾ," ಎಂದನು ಸಾಹುಕಾರ, ಊಟ ಮಾಡಿದೆಯಾ ಎಂದು ಕೇಳುವಷ್ಟು ಪ್ರೀತಿಯಿಂದ. "ನಿನಗ ಜೆರಾಕ್ಸ್ ಸಾಕು. ಒಂದ ವರ್ಷ ಮುಗೀಲಿ, ನಾನ ನಿನ್ನ ಕೈಯಾಗ ಇಡ್ತೀನಿ."

ವೀರನ ಕೈ ಕಿಸೆಯ ಮೇಲೆ ನಿಂತಿತು. ಉರಿಯುವ ಬೆರಳುಗಳು ನೆನಪಾದವು. ನಿಜವಾಗಿ ನೆನಪಾದವು, ಅಷ್ಟು ಮಟ್ಟಿಗೆ ಆತನಿಗೆ ನಾನು ಅನ್ಯಾಯ ಮಾಡಲಾರೆ. ಆದರೆ ಇನ್ನೊಂದು ಕೈ ಹಾರ್ನಿನ ಮೇಲಿತ್ತು. ಎರಡು ಕೈಗಳ ನಡುವೆ ಕುರುಕ್ಷೇತ್ರವು ನಡೆದು, ಹಾರ್ನಿನ ಕೈ ಗೆದ್ದಿತು. ಡ್ರಾವರಿಗೆ ಬೀಗ ಬಿತ್ತು, ಕೀಲಿಕೈ ಸಾಹುಕಾರನ ಉಡದಾರಕ್ಕೆ ಸೇರಿತು.

ಸೋಮವಾರ ಬೆಳಿಗ್ಗೆ ಪ್ರಯಾಣ. ಹತ್ತೂ ಚಕ್ರಗಳಡಿಯಲ್ಲಿ ಹತ್ತು ನಿಂಬೆಹಣ್ಣು. ನವಿಲಿನ ಕೊರಳಿಗೆ ಚೆಂಡುಹೂವಿನ ಮಾಲೆ. ಕಾಯಿ ಒಡೆದಾಯಿತು, ಓಣಿಯೆಲ್ಲ ಬಂದು ನಿಂತಾಯಿತು. ಕೆಂಚವ್ವ ಕೂಲಿಗೆ ರಜೆ ಹಾಕಿ, ಎರಡು ದಿನ ಒಲೆಯ ಮುಂದೆ ಕುಳಿತು ಬಡಿದ ಹದಿನೈದು ದಿನದ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಕಾಶ್ಮೀರದ ಚಳಿಗೆಂದು ತಮ್ಮನಿಂದ ಬೇಡಿ ತಂದ ಸ್ವೆಟರು, ಒಂದು ಮಂಕಿ ಟೋಪಿ, ಎಲ್ಲವನ್ನೂ ಗಂಟು ಕಟ್ಟಿಕೊಟ್ಟಳು. ಎಲ್ಲಿಗೆ ಎಂದು ಅವಳು ಮತ್ತೆ ಕೇಳಿದಳು. ಗುತ್ತೆಪ್ಪನು ಗಂಭೀರವಾಗಿ ಉತ್ತರಕ್ಕೆ ಕೈ ತೋರಿಸಿದನು. ಈಗ ಸಾಹುಕಾರನನ್ನು ಕೇಳಿದರೆ ಮರ್ಯಾದೆ ಹೋಗುತ್ತಿತ್ತು, ವಿಳಾಸದ ಚೀಟಿಯನ್ನು ಪೇಟೆಯ ಗೇಟಿನಲ್ಲಿ ಕೊಡುತ್ತಾರೆಂದು ಬೇರೆ ಹೇಳಿದ್ದರು.

ನಿಂಬೆಹಣ್ಣುಗಳು ಚಟಚಟನೆ ಒಡೆದವು. ಮೆಣಸಿನಕಾಯಿ ಚೀಲಗಳನ್ನು ಹೊತ್ತ ಮಹಾರಥವು ಏಳು ಸ್ವರಗಳನ್ನು ಮೊಳಗಿಸುತ್ತ, ಮಾರ್ಗಸ್ಥ ಎಮ್ಮೆಗಳನ್ನು ನಡುಗಿಸುತ್ತ, ಮಂಕಿ ಟೋಪಿಯನ್ನು ಆಗಲೇ ಧರಿಸಿದ್ದ ಸಾರಥಿಯನ್ನು ಹೊತ್ತು ಪೇಟೆಯ ಗೇಟಿಗೆ ಬಂದಿತು. ಚೀಟಿಯಲ್ಲಿ ಬರೆದಿತ್ತು: ಕೋಲ್ಡ್ ಸ್ಟೋರೇಜ್, ಊರ ಹೊರಗಿನ ರಸ್ತೆ. ದಾರಿಯ ಮೇಲೆ ಇನ್ನಷ್ಟು ಚೀಲ ಹೇರುವುದಿರಬೇಕೆಂದು ವೀರನು ಊಹಿಸಿದನು. ನಾಲ್ಕು ಕಿಲೋಮೀಟರು ಕಳೆದ ಮೇಲೆ ಅಲ್ಲಿ ಹೇರುವ ಬದಲು ಇಳಿಸತೊಡಗಿದರು.

ಕೋಲ್ಡ್ ಸ್ಟೋರೇಜಿನ ಕಾವಲುಗಾರನು ಮಂಕಿ ಟೋಪಿಯನ್ನು ಬಹಳ ಹೊತ್ತು ನೋಡಿದನು. ಒಳಗಿನ ಥಂಡಿಗೆ ಹಾಕಿಕೊಂಡಿರಬೇಕೆಂದು ತಿಳಿದು, ಡ್ರೈವರು ಒಳಗೆ ಬರಬೇಕಾಗಿಲ್ಲ, ಇವತ್ತು ಇನ್ನೂ ಮೂರು ಟ್ರಿಪ್ಪಿದೆ, ಬೇಗ ತಿರುಗಿಸು ಎಂದನು. ಮುಂದೆ ಎಲ್ಲಿಗೆ ಎಂದು ಗುತ್ತೆಪ್ಪ ಕೇಳಿದನು. ಕೊನೆಗೂ ಕೇಳಿದನು.

"ಮುಂದ ಎಲ್ಲಿ? ಪೇಟಿಯಿಂದ ಇಲ್ಲಿಗೆ, ಇಲ್ಲಿಂದ ಪೇಟಿಗೆ. ಒಂಬತ್ತು ವರ್ಷಾತು, ಈ ಗಾಡಿ ಹೈವೇ ಮಕಾನೂ ನೋಡಿಲ್ಲ," ಎಂದನು ಕಾವಲುಗಾರ. "ಬ್ಯಾರೆ ರಾಜ್ಯಕ್ಕ ಹೋಗಾಕ ನ್ಯಾಶನಲ್ ಪರ್ಮಿಟ್ ಬೇಕಲ್ಲೋ ಮಾರಾಯ. ಎನ್.ಪಿ. ಬರೆಯೋ ಜಾಗದಾಗ ನವಿಲು ಬರಸ್ಯಾರ ನೋಡು."

ಅನಂತರ ಡ್ರಾವರ್‌ಯುದ್ಧವು ನಡೆಯಿತು. ಕ್ರೋಧಾರುಣನೇತ್ರನಾದ ಗುತ್ತೆಪ್ಪನು ಖಾಲಿ ರಥವನ್ನು ಸಾಹುಕಾರನ ಆಫೀಸಿನ ಮುಂದೆ ನಿಲ್ಲಿಸಿ, ಬಾಗಿಲಿನ ತುಂಬ ನಿಂತು, ಸಿಂಹನಾದವನ್ನು ಮಾಡಲು ಬಾಯಿ ತೆರೆದನು. ಸಾಹುಕಾರನು ಕುಳಿತಲ್ಲಿಂದ ಏಳಲಿಲ್ಲ. "ನೀ ಕೇಳಲಿಲ್ಲಲ್ಲಪಾ," ಎಂದನು. "ಹದಿನೇಳು ಕೇಳಿದಿ. ಹೇಳಿದೆ. ಅದನ್ನೂ ಕೇಳಿದ್ರ ಹೇಳ್ತಿದ್ದೆ." ಆಮೇಲೆ ಚಹಾ ತರಿಸಿದನು. ವೀರನು ಡ್ರಾವರನ್ನು ನೋಡಿದನು, ಉಡದಾರವನ್ನು ನೋಡಿದನು, ಚಹಾ ಕುಡಿದನು. ಯುದ್ಧ ಮುಗಿಯಿತು.

ಎರಡನೇ ಟ್ರಿಪ್ಪಿನಲ್ಲಿ ಗೇಟಿನ ಹತ್ತಿರ ಮಕ್ತುಮಸಾಬನ ಲಾರಿ ಎದುರಾಯಿತು. ಪಕ್ಕದ ಸೀಟಿನಲ್ಲಿ ಬೇರೊಬ್ಬ ಡ್ರೈವರು ಕುಳಿತಿದ್ದನು. ಮಕ್ತುಮಸಾಬ ಹಗ್ಗದ ಬಾಗಿಲಿನಿಂದ ಕೈ ಬೀಸಿ, ಹೆದ್ದಾರಿಯತ್ತ ತಿರುಗಿದನು. ಗುತ್ತೆಪ್ಪನೂ ಕೈ ಎತ್ತಿದನು. ಅವನಿಗೆ ಅಳು ಬಂದಿತ್ತು. ಯಾರಾದರೂ ಕೇಳಿದ್ದರೆ ಘಾಟು ಎನ್ನುತ್ತಿದ್ದ, ಆ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಓಣಿಯೆಲ್ಲ ಸೇರಿ ಕಳಿಸಿಕೊಟ್ಟಿದ್ದ ದಿಗ್ವಿಜಯಿಯು ಸಂಜೆ ಐದೂವರೆಗೆ ಮನೆಗೆ ಬಂದನು. ಬರುವಾಗ ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಎರಡು ಸೇಬು ಕೊಂಡು, ಅವುಗಳ ಮೇಲಿನ ಸ್ಟಿಕರನ್ನು ಉಗುರಿನಿಂದ ನಿಧಾನವಾಗಿ ಕಿತ್ತು ಹಾಕಿದ್ದನು. ಕೆಂಚವ್ವ ಸೇಬು ನೋಡಿದಳು, ಬಿಚ್ಚದ ಗಂಟು ನೋಡಿದಳು, ಕಂಕುಳಲ್ಲಿದ್ದ ಮಂಕಿ ಟೋಪಿ ನೋಡಿದಳು.

"ಲೈಸೆನ್ಸ್ ಎಲ್ಲೈತ್ರಿ?" ಎಂದಳು.

ವೀರನು ಹಾರ್ನಿನಲ್ಲಿ ಏಳು ಸ್ವರಗಳಿವೆಯೆಂದು ಹೇಳತೊಡಗಿ, ಮೂರನೆಯದಕ್ಕೆ ನಿಲ್ಲಿಸಿ, ಒಂದು ವರ್ಷ ಅದು ಸಾಹುಕಾರನ ಡ್ರಾವರಿನಲ್ಲಿರುತ್ತದೆ ಎಂದನು. ನಾಚಿಕೆಯಿಂದ ಆತನ ಕಿವಿಯೆಲ್ಲ ಕೆಂಪಾಗಿತ್ತು. ಕೆಂಚವ್ವ ತನ್ನ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಒಂದು ವರ್ಷವೆಂದರೆ ಎಷ್ಟು ಚೀಲವೆಂದು ಅವಳಿಗೆ ಗೊತ್ತಿತ್ತು. ಬೈಯುತ್ತಾಳೆಂದು ಆತ ಕಾದನು, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಗಂಟನ್ನು ಎತ್ತಿ ಸೂರಿನಿಂದ ತೂಗುತ್ತಿದ್ದ ನೆಲುವಿನ ಮೇಲಿಟ್ಟಳು.

"ನಾಳಿಂದ ಮಧ್ಯಾಹ್ನ ಊಟಕ್ಕ ಮನಿಗೇ ಬರ್ರಿ," ಎಂದಳು.

ಇಂಥ ಕಥೆಯ ಕೊನೆಗೆ, ಇದನ್ನು ಕೇಳಿದವರಿಗೆ ಇಂತಿಂಥ ಫಲ ಸಿಗಲೆಂದು ಹರಸುವುದು ವಾಡಿಕೆ. ಗುತ್ತೆಪ್ಪನಿಗೇ ಸಿಗದ್ದನ್ನು ನಿಮಗೆ ನಾನೆಲ್ಲಿಂದ ಕೊಡಿಸಲಿ? ಮರುದಿನ ಮಧ್ಯಾಹ್ನ ಒಂದು ಗಂಟೆಗೆ ದಶಚಕ್ರಮಂಡಿತ ಮಹಾರಥವು ಓಣಿಯ ಬಾಯಲ್ಲಿ ಬಂದು ನಿಂತಿತು. ಹಾರ್ನು ಹೊಡೆಯಲಿಲ್ಲ. ಸಾರಥಿಯು ಇಳಿದು, ಕೈಕಾಲು ತೊಳೆದು, ಒಲೆಯ ಪಕ್ಕದಲ್ಲಿ ಕುಳಿತನು. ಕೆಂಚವ್ವ ನೆಲುವಿನಿಂದ ಗಂಟು ಇಳಿಸಿ, ಪ್ರಯಾಣದ ರೊಟ್ಟಿಯನ್ನೇ ಬಡಿಸಿದಳು. ಇನ್ನೂ ಹದಿನಾಲ್ಕು ದಿನದ್ದು ಉಳಿದಿತ್ತು.