ಹುಳುಮನೆಯ ಹದಿಮೂರು ಎಲೆ

ಅಕ್ಕೂರಿನಲ್ಲಿ ಇಸ್ಪೀಟಾಟ ನಿಲ್ಲಿಸಿದ ಕೀರ್ತಿ ನಮ್ಮ ದೊಡ್ಡಮ್ಮನದು. ಅರಳಿಕಟ್ಟೆಯ ಮೇಲೆ ಗಂಡಸರು ಎಲೆ ಹರಡಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಹೋಗಿ, “ಮನೆಹಾಳ್ ಬುದ್ಧಿ ಕಲ್ತವ್ರಾ! ಕೊಡ್ರಿ ಇತ್ಲಾಗೆ, ಒಲೆಗೆ ಹಾಕ್ತೀನಿ” ಎಂದು ಇಡೀ ಕಟ್ಟನ್ನು ಕಿತ್ತುಕೊಂಡು ಬರುತ್ತಿದ್ದಳು. ಹೀಗೆ ಆರು ಕಟ್ಟು ಒಲೆ ಸೇರಿದವೆಂದು ಊರು ನಂಬಿತ್ತು. ನಾನೂ ನಂಬಿದ್ದೆ. ಆ ಒಲೆ ಯಾವುದೆಂದು ಗೊತ್ತಾದ ದಿನ ನನ್ನ ಎದೆ ನಿಲ್ಲದೆ ಉಳಿದದ್ದೇ ಹೆಚ್ಚು!

ಆಗ ನಾನು ರಾಮನಗರದಲ್ಲಿ ಕಾಲೇಜು ಓದುತ್ತಿದ್ದೆ. ರಜೆ ಬಂದರೆ ಅಕ್ಕೂರಿಗೆ ಬರುತ್ತಿದ್ದೆ. ಅಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಒಟ್ಟಿಗಿದ್ದರು. ರೇಷ್ಮೆ ಹುಳು ಸಾಕುವ ಕೆಲಸ ಮಾತ್ರ ಅವರ ಹೆಂಡಿರದು, ಅಂದರೆ ದೊಡ್ಡಮ್ಮ ಮತ್ತು ಚಿಕ್ಕಮ್ಮನದು. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿರುತ್ತಿತ್ತು. ಹೊರಗಿನವರು ಬಂದರೆ ಹುಳಕ್ಕೆ ರೋಗ ತಗಲುತ್ತದೆ, ಯಾರೂ ಒಳಗೆ ಕಾಲಿಡಬಾರದು. ನಾನು ಒಂದು ಮಧ್ಯಾಹ್ನ ಯೋಚಿಸದೆ ಕಾಲಿಟ್ಟುಬಿಟ್ಟೆ. ಹುಳುವಿನ ತಟ್ಟೆಗಳ ನಡುವೆ ಗೋಣಿತಾಟು ಹಾಸಿ ಇಬ್ಬರೂ ಎದುರುಬದುರು ಕೂತಿದ್ದರು. ಇಬ್ಬರ ಕೈಯಲ್ಲೂ ಇಸ್ಪೀಟೆಲೆ!

ದೊಡ್ಡಮ್ಮ ತಲೆಯೆತ್ತಿ ಗಾಬರಿಯಿಂದ ಕೇಳಿದಳು: “ಅಯ್ಯೋ, ಕಾಲ್ ತೊಳ್ಕೊಂಡ್ ಬಂದ್ಯೇನವ್ವಾ?”

ಅಷ್ಟೇ. ಸಿಕ್ಕಿಬಿದ್ದೆನೆಂಬ ಭಯ ಒಂದು ಎಳ್ಳಷ್ಟೂ ಇಲ್ಲ!

ಅವರದು ಇಬ್ಬರೇ ಆಡುವ ಆಟ. ತಲೆಗೆ ಹದಿಮೂರು ಎಲೆ, ಮಿಕ್ಕದ್ದು ಬದಿಗೆ. ಒಬ್ಬಳು ಎಲೆ ಇಟ್ಟರೆ ಇನ್ನೊಬ್ಬಳು ಅದೇ ಬಣ್ಣದ ಎಲೆ ಇಡಬೇಕು. ಕಳಾವರಿಗೆ ಕಳಾವರ್, ಆಟೀನಿಗೆ ಆಟೀನು. ದೊಡ್ಡದಿಟ್ಟವಳು ಎರಡನ್ನೂ ಎತ್ತಿಕೊಳ್ಳಬೇಕು, ಅದು ಒಂದು ಕೈ. ಆ ಬಣ್ಣವೇ ಇಲ್ಲದಿದ್ದರೆ ಮಾತ್ರ ತುರುಪು, ಅಂದರೆ ಆ ಆಟಕ್ಕೆ ಮೇಲೆಂದು ಮೊದಲೇ ಗೊತ್ತುಮಾಡಿದ ಬಣ್ಣದ ಎಲೆ, ಹೊಡೆದು ಎತ್ತಬಹುದು. ಏಳು ಕೈ ಎತ್ತಿದವಳು ಗೆದ್ದಳು. ಸೋತವಳು ಆ ದಿನದ ಕೆಲಸ ಮಾಡಬೇಕು. ಸೊಪ್ಪು ಕೊಯ್ಯುವುದು ಯಾರು, ಕಸ ಬಳಿಯುವುದು ಯಾರು, ಮುದ್ದೆ ತಿರುವುವುದು ಯಾರು? ಆ ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದದ್ದು ಎಲೆಗಳು. ಯಜಮಾನ ನಾನೇ ಎಂದು ದೊಡ್ಡಪ್ಪ ಪಾಪ ಮೀಸೆ ತಿರುವಿಕೊಂಡಿದ್ದರು!

ದೊಡ್ಡಪ್ಪ ಹತ್ತಿರ ಬಂದರೆ ದೊಡ್ಡಮ್ಮನ ಬಳಿ ಮದ್ದಿತ್ತು. ರೇಷ್ಮೆ ಹುಳು ಪೊರೆ ಬಿಡುವಾಗ ಸೊಪ್ಪು ತಿನ್ನದೆ ತಲೆಯೆತ್ತಿ ಸುಮ್ಮನೆ ಮಲಗಿರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸದ್ದು ಮಾಡಬಾರದು. ಬೆಳೆಗೆ ನಾಲ್ಕು ಜ್ವರ, ಐದನೆಯದಿಲ್ಲ. ಒಮ್ಮೆ ಆಟದ ನಡುವೆ ಹೊರಗೆ ಕೆಮ್ಮು ಕೇಳಿಸಿತು.

“ಒಳಕ್ ಬರಬ್ಯಾಡಿ, ಹುಳ ಜ್ವರದಾಗವೆ!” ಎಂದಳು ದೊಡ್ಡಮ್ಮ.

“ಮತ್ತೆ ಜ್ವರವಾ? ಮೊನ್ನೆ ತಾನೇ ಎದ್ದಿದ್ವಲ್ಲಮ್ಮಿ!”

“ನಿಮಗೆ ನೆಗಡಿ ವರ್ಷಕ್ಕೆ ಎಷ್ಟ್ ಸಲ ಬತ್ತದೆ? ಎಣ್ಸಿದ್ದೀರಾ?”

ಹೊರಗೆ ಚಪ್ಪಲಿ ಸದ್ದು ದೂರವಾಯಿತು. ನಾನು ಎಣಿಸಿದ್ದೆ. ಆ ಬೆಳೆಯಲ್ಲಿ ನಮ್ಮ ಹುಳಕ್ಕೆ ಒಂಬತ್ತು ಸಲ ಜ್ವರ ಬಂದಿತ್ತು! ಈ ತಳಿಗೆ ಮೈಯಲ್ಲಿ ಶಕ್ತಿ ಸಾಲದೆಂದು ದೊಡ್ಡಪ್ಪ ಮೊಟ್ಟೆ ತರುವ ಕಡೆಯನ್ನೇ ಬದಲಿಸಿದರು.

ಗಂಡನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ಎಲೆಯ ಮುಂದೆ ಮಾತ್ರ ಬೇರೆಯೇ ಹೆಂಗಸು. ಕೈಯಲ್ಲಿ ಬಣ್ಣವಿಟ್ಟುಕೊಂಡು ಇಲ್ಲವೆಂದು ತುರುಪು ಹೊಡೆದರೆ ಇಡೀ ಆಟವೇ ಸೋಲು. ಒಮ್ಮೆ ಚಿಕ್ಕಮ್ಮ ಕಣ್ತಪ್ಪಿ ಹಾಗೆ ಮಾಡಿದಳು. ದೊಡ್ಡಮ್ಮ ಒಂದು ವಾರ ಪಾತ್ರೆ ತೊಳೆಸಿದಳು. “ಊಜಿ ನೊಣ ಒಳಕ್ ಬಂದ್ರೂ ಬುಟ್ಟೇನು, ಎಲೆ ಬಚ್ಚಿಡೋಳ್ನ ಬುಡಾಕಿಲ್ಲ ಕಣಮ್ಮಿ!” ಊಜಿ ನೊಣವೆಂದರೆ ಹುಳುವಿನ ಯಮ. ಅದಕ್ಕೆ ಸಿಗುವ ಕ್ಷಮೆ ಓರಗಿತ್ತಿಗಿಲ್ಲ!

ಅದು ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಗಾರ್ಮೆಂಟ್ಸಿನ ಬಸ್ಸು ನಮ್ಮೂರಿಗೂ ಬರತೊಡಗಿತು. ಚಿಕ್ಕಮ್ಮ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು. ಬಸ್ಸು ಹಾದರೆ ಅವಳ ಕೈ ಕೆಲಸ ಬಿಡುತ್ತಿತ್ತು. ಪರೀಕ್ಷೆಗೆಂದು ಹೋಗಿ ಒಂದು ಕಾಲರ್ ಹೊಲಿದು ತೋರಿಸಿದ್ದಳು. ನಾಳೆಯಿಂದಲೇ ಬಾ ಎಂದಿದ್ದರು. ಚಿಕ್ಕಪ್ಪ ಒಪ್ಪಿದ್ದರು. ಒಪ್ಪದವಳು ಚಿಕ್ಕಮ್ಮನೇ.

“ನಾನ್ ಹೋಗಾಕಿಲ್ಲ ಕಣಕ್ಕ. ನಿನ್ನ ಮಂಡಿ ನೋಡು. ಮೇಲಿನ್ ತಟ್ಟೆ ಇಳ್ಸಾಕ್ ಆಯ್ತದಾ ನಿನ್ ಕೈಲಿ?”

“ಮೇಲಿನ್ ತಟ್ಟೆ ಕೆಳಗೆ ಮಡಗ್ತೀನಿ. ನೀನ್ ಹೋಗು.”

“ಹೋಗಾಕಿಲ್ಲ.”

“ಹಂಗಾರೆ ಕೂತ್ಕೋ” ಎಂದಳು ದೊಡ್ಡಮ್ಮ. ಎಲೆ ಕಲೆಸಿದಳು.

ಪಂದ್ಯ ಕೇಳಿ: ಚಿಕ್ಕಮ್ಮ ಗೆದ್ದರೆ ಅವಳು ಮನೆಯಲ್ಲೇ ಉಳಿಯಬೇಕು. ದೊಡ್ಡಮ್ಮ ಗೆದ್ದರೆ ಚಿಕ್ಕಮ್ಮ ಬಸ್ಸು ಹತ್ತಬೇಕು. ಒಬ್ಬೊಬ್ಬಳೂ ತನ್ನ ನಷ್ಟಕ್ಕಾಗಿ ಇಷ್ಟು ಹಟದಿಂದ ಆಡುವ ಜೂಜನ್ನು ಯಾರಾದರೂ ಕಂಡಿದ್ದೀರಾ? ನಾನು ದೊಡ್ಡಮ್ಮನ ಬೆನ್ನ ಹಿಂದೆ ಸೊಪ್ಪಿನ ತೊಟ್ಟು ಬಿಡಿಸುತ್ತ ಕೂತಿದ್ದೆ. ಅವಳ ಎಲೆಗಳೆಲ್ಲ ನನಗೆ ಕಾಣುತ್ತಿದ್ದವು. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಆಟೀನು ತುರುಪು. ಹನ್ನೊಂದು ಕೈ ಮುಗಿದಾಗ ಚಿಕ್ಕಮ್ಮನಿಗೆ ಆರು, ದೊಡ್ಡಮ್ಮನಿಗೆ ಐದು. ತಲೆಗೆ ಎರಡೆರಡು ಎಲೆ ಉಳಿದಿದ್ದವು. ದೊಡ್ಡಮ್ಮನ ಬಳಿ ಆಟೀನು ಏಳು, ಕಳಾವರ್ ನಾಲ್ಕು.

ಚಿಕ್ಕಮ್ಮ ಕಳಾವರ್ ರಾಜನನ್ನು ಇಟ್ಟಳು.

ಮುಗಿಯಿತು ಅಂದುಕೊಂಡೆ. ಕಳಾವರ್ ನಾಲ್ಕು ಇಡಲೇಬೇಕು, ರಾಜ ಅದನ್ನು ನುಂಗುತ್ತಾನೆ, ಚಿಕ್ಕಮ್ಮನಿಗೆ ಏಳು ಕೈ. ದೊಡ್ಡಮ್ಮನ ಬೆರಳು ನಾಲ್ಕರ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಪಕ್ಕದ ಎಲೆಗೆ ಸರಿಯಿತು.

“ಕಳಾವರ್ ಇಲ್ಲ” ಎಂದು ಆಟೀನು ಏಳನ್ನು ಹೊಡೆದು ರಾಜನನ್ನು ಎತ್ತಿಕೊಂಡಳು.

ನನ್ನ ಕೈಯಲ್ಲಿದ್ದ ಸೊಪ್ಪು ಜಾರಿ ಬಿತ್ತು. ದೊಡ್ಡಮ್ಮ! ಎಲೆ ಬಚ್ಚಿಡುವುದೇ! ಅದೂ ಉಳಿದಿರುವುದು ಒಂದೇ ಎಲೆ, ಅದನ್ನು ಮರುಕ್ಷಣವೇ ತಾನಾಗಿ ಗೋಣಿತಾಟಿನ ಮೇಲೆ ತೋರಿಸಬೇಕಾಗಿರುವಾಗ! ಇಂಥ ಪೆದ್ದು ಮೋಸವನ್ನು ಅರಳಿಕಟ್ಟೆಯ ಗಂಡಸರೂ ಮಾಡಿರಲಾರರು.

ಆರು, ಆರು. ಕೈ ಎತ್ತಿದವಳಾದ್ದರಿಂದ ಈಗ ದೊಡ್ಡಮ್ಮನೇ ಮೊದಲು ಇಡಬೇಕು. ಅವಳು ಕಳಾವರ್ ನಾಲ್ಕನ್ನು ಇಟ್ಟಳು. ಎಲೆಯ ಮೇಲೆ ಕಣ್ಣಿಟ್ಟೇ ಇದ್ದಳು, ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿದ್ದವು.

ಚಿಕ್ಕಮ್ಮನ ಕೈಯಲ್ಲಿ ಉಳಿದಿದ್ದದ್ದು ಡೈಮನ್ ರಾಣಿ. ಕಳಾವರ್ ಅಲ್ಲ, ತುರುಪೂ ಅಲ್ಲ; ರಾಣಿಯಾದರೂ ಆ ನಾಲ್ಕನ್ನು ಎತ್ತಲಾರಳು. ಅವಳು ಅದನ್ನು ಇನ್ನೂ ಇಟ್ಟಿರಲಿಲ್ಲ. ನಾಲ್ಕನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಆ ಮಾತು ಅವಳಿಗೆ ಬರುತ್ತಿತ್ತು, ಒಂದು ವಾರ ಪಾತ್ರೆ ತೊಳೆದು ಕಲಿತ ಮಾತು. ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಸುರಿಯುತ್ತಲೇ ಇತ್ತು.

ಚಿಕ್ಕಮ್ಮ ಮೆಲ್ಲಗೆ ರಾಣಿಯನ್ನು ನಾಲ್ಕರ ಮೇಲೆ, ಅದು ಪೂರ್ತಿ ಮುಚ್ಚುವಂತೆ ಇಟ್ಟಳು. ಎರಡನ್ನೂ ಒಟ್ಟಿಗೆ ದೊಡ್ಡಮ್ಮನ ಕಡೆಗೆ ಸರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಸೋತೆ ಕಣಕ್ಕ” ಎಂದಳು. “ನಾಳೆ ಬಸ್ಸು ಎಷ್ಟೊತ್ಗೆ ಬತ್ತದೆ?”