ಅತ್ತೆಯ ಕಿವಿ, ಊರಿನವರ ಎದೆ

ನಮ್ಮ ಸೋದರತ್ತೆಯ ಎದುರು ಆರೋಗ್ಯವಂತರು ಸುಳಿಯಬಾರದು. ಸುಳಿದರೆ ಪಾಠವಾಗಿಬಿಡುತ್ತಾರೆ!

ಅವರು ಬೀದರಿನಲ್ಲಿ ಮೆಡಿಸಿನ್ ಪ್ರೊಫೆಸರು. ಸ್ಕ್ಯಾನು, ರಿಪೋರ್ಟುಗಳನ್ನು ನೋಡುವ ಮೊದಲು ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟಿ, ತಟ್ಟಿ, ಕಿವಿಗೊಟ್ಟು ಕೇಳಲೇಬೇಕು. ಗೊಣಗಿದರೆ, "ನಾಳಿ ಚಿಂತಾಕಿಯಂಥ ಹಳ್ಳಿಗಿ ಪೋಸ್ಟಿಂಗ್ ಆದ್ರ ಮಷೀನು ಹೆಗಲ ಮ್ಯಾಲ ಹೊತ್ಕೊಂಡು ಹೋಗ್ತೀರೇನು?" ಎನ್ನುತ್ತಾರೆ.

ಒಮ್ಮೆ ಅಪ್ಪ ಔರಾದಿನಿಂದ ಅವರಿಗೆ ರೊಟ್ಟಿ ತಂದರು. ಅತ್ತೆ ರೊಟ್ಟಿ ಇಳಿಸಿಕೊಂಡು ಅಪ್ಪನನ್ನು ವಾರ್ಡಿನ ಮಂಚಕ್ಕೆ ಏರಿಸಿದರು! ಹೃದಯದ ಕವಾಟ ಕೆಟ್ಟರೆ ಮರ್ಮರ ಸದ್ದು ಬರುತ್ತದಲ್ಲ, ಅದು "ಕೇಳಸ್ತದೇನು?" ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಎಲ್ಲರೂ ಸ್ಟೆತಾಸ್ಕೋಪು ಇಟ್ಟು, "ಹೌದ್ರಿ ಮ್ಯಾಡಂ, ಜೋರದ!" ಎಂದರು.

ಅಪ್ಪ ಬೆವೆತುಹೋದರು. "ಅಕ್ಕಾ, ನಾ ಮನಿಗಿ ಹೋಗ್ತೇನೋ ಇಲ್ಲೋ?"

"ನಿನಗೇನಾಗ್ಯಾದ, ಏಳು. ರೋಗ ಇವರದು. ಕೇಳಸಲಾರದ್ದು ಕೇಳಸ್ತು ಅನ್ನೋ ರೋಗ!"

ಅಪ್ಪ ಹೇಳಿದ ಕತೆಯಿದು. ಹೇಳಿದಂತೆಲ್ಲ ವಿದ್ಯಾರ್ಥಿಗಳ ಸಂಖ್ಯೆ ಏರುತ್ತದೆ. ನನ್ನ ನೆನಪು ಇನ್ನಷ್ಟು ಜನರನ್ನು ಸೇರಿಸಿರಬಹುದು. ಆದರೆ ಭಾಲ್ಕಿಯ ಒಂದು ಮದುವೆಯಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ. ಅಕ್ಷತೆ ಹಾಕಲು ಹೋದ ಅತ್ತೆ ವರನ ಕೈ ಹಿಡಿದು ಉಗುರು ನೋಡುತ್ತಾ ನಿಂತುಬಿಟ್ಟರು. ವಧುವಿನ ತಾಯಿಗೆ ಜೀವವೇ ಹೋಯಿತು. "ಏನರ ರೋಗ ಅದ ಏನ್ರೀ?"

"ಏನಿಲ್ಲವ್ವಾ, ಇಷ್ಟು ಚೊಲೋ ಉಗುರು ನೋಡಿ ಭಾಳ ದಿನ ಆಗಿತ್ತು!"

ಇಂಥ ಅತ್ತೆಗೆ ಈಚೆಗೆ ಕಿವಿ ಮಂದವಾಗತೊಡಗಿತು. ಎದೆಬಡಿತವೇ ಕೇಳದವರಿಗೆ ವಾರ್ಡಿನಲ್ಲಿ ಪಾಠ ಮಾಡಲು ಯಾರು ಬಿಡುತ್ತಾರೆ? ಅವರ ಕೈಕೆಳಗೇ ಇಂಟರ್ನ್ ಆಗಿದ್ದ ನಾನು, ಕಿವಿ ತೋರಿಸೋಣ ಎಂದೆ. "ನನ್ನ ಕಿವಿ ಚೊಲೋ ಅದಾವ. ನಿಮ್ಮ ಬಾಯಿ ಸಣ್ಣ ಆಗ್ಯಾವ!" ಎಂದು ಗದರಿಸಿದರು.

ಮೊನ್ನೆ ಜನವಾಡದ ಅಜ್ಜಿಯೊಬ್ಬರ ಎದೆಗೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ಎತ್ತಲಿಲ್ಲ. ವಿದ್ಯಾರ್ಥಿಗಳು ಕಾದರು. ಏನಾದರೊಂದು ಹೇಳಿಬಿಡಿ ಅತ್ತೆ, ಯಾರು ಪ್ರಶ್ನಿಸುತ್ತಾರೆ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ತಮ್ಮ ಕಿವಿಯಿಂದ ಸ್ಟೆತಾಸ್ಕೋಪು ತೆಗೆದು, ಎಲ್ಲರ ಹಿಂದೆ ಅಡಗಿ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳ ಕಿವಿಗೆ ತಾವೇ ಇಟ್ಟರು.

"ನನಗ ಕೇಳಸವಲ್ದವ್ವಾ. ನೀ ಕೇಳಿ ಹೇಳು."

ಹುಡುಗಿ ಮೆಲ್ಲಗೆ, "ಬಡಿತದ ನಡುವ ಗಾಳಿ ಊದಿದಂಗ ಬರ್ತದರಿ..." ಎಂದಳು.

"ಜೋರ್ಲೆ! ಹ್ಯಾಂಗ ಬರ್ತದ ಹಂಗ ಮಾಡಿ ತೋರ್ಸು."

"ಲಬ್... ಶ್‌ಶ್‌... ಡಬ್! ಲಬ್... ಶ್‌ಶ್‌... ಡಬ್!" ಹುಡುಗಿ ಕೂಗಿದಳು. ಅಜ್ಜಿ ನಕ್ಕುಬಿಟ್ಟರು: "ನನ್ನ ಎದಿ ಊರಿಗೆಲ್ಲಾ ಕೇಳ್ತಲ್ಲೇ ಯವ್ವಾ!"

ಅತ್ತೆ ಕಣ್ಣು ಮುಚ್ಚಿ ಹುಡುಗಿಯ ಬಾಯಿಯ ಹತ್ತಿರ ಬಾಗಿದ್ದರು. ಅವರ ತುಟಿಗಳೂ ಅವಳ ಜೊತೆ ಮೆಲ್ಲಗೆ ಅಲುಗುತ್ತಿದ್ದವು.